ಖಾಲಿ ಬಿಟ್ಟ ಹತ್ತೊಂಬತ್ತು ದಿನ

"ನೆರಳು ತೆಗೀರಿ."

ಅವಳು ಬೆಚ್ಚಿ ನಿಂತಳು. ಆ ಕೋಣೆಯೊಳಗೆ ಕಾಲಿಟ್ಟು ಇನ್ನೂ ಅರೆನಿಮಿಷವೂ ಆಗಿರಲಿಲ್ಲ. ನಮಸ್ಕಾರ ಹೇಳಲೆಂದು ಬಾಯಿ ತೆರೆದವಳಿಗೆ ಸಿಕ್ಕ ಸ್ವಾಗತ ಇದು!

ಹೇಳಿದವನು ತಿರುಗಿಯೂ ನೋಡಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಎದುರು ಗೋಡೆಯಲ್ಲಿದ್ದ ದಪ್ಪ ಗಾಜಿನ ಕಿಟಕಿಯಲ್ಲೇ ಕಣ್ಣು ನೆಟ್ಟಿದ್ದ. ಗಾಜಿನ ಆಚೆ ಹಸಿರು ನೀರು. ಅವನ ಮುಷ್ಟಿಯೊಳಗೆ, ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದಕ್ಕೆ ಹೋಗುವ ಪುಟ್ಟ ಯಂತ್ರ.

"ನಿಮ್ಮ ನೆರಳು ಗಾಜಿನ ಮೇಲೆ ಬಿದ್ದಿದೆ. ಮೀನು ಹೆದರಿಕೊಂಡು ಕೆಳಗೇ ನಿಂತುಬಿಟ್ಟಿವೆ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಅವಳು ಸದ್ದಿಲ್ಲದೆ ಗೋಡೆಗೆ ಒತ್ತಿಕೊಂಡಳು. ನೀರು ತಿಳಿಯಾಯಿತು. ಬೆಳ್ಳಗೆ ಹೊಟ್ಟೆ ಮಿಂಚಿಸುತ್ತಾ ಒಂದು ಮೀನು ಮೇಲಕ್ಕೆ ಹೋಯಿತು. ಟಿಕ್. ಇನ್ನೊಂದು. ಟಿಕ್. ಮತ್ತೊಂದು. ಟಿಕ್.

"ಸಾರಿ... ನನಗೆ ಗೊತ್ತಾಗಲಿಲ್ಲ," ಎಂದಳು ಅವಳು ಮೆಲ್ಲಗೆ.

ಅಷ್ಟೇ. ಅವನು ಥಟ್ಟನೆ ತಿರುಗಿದ. ತಿರುಗಿದವನು ಹಾಗೇ ನೋಡುತ್ತಾ ಉಳಿದ. ಅದು ಹೊಸಬರನ್ನು ನೋಡುವ ನೋಟವಲ್ಲ. ತುಂಬ ದಿನದಿಂದ ಕಾಯುತ್ತಿದ್ದವರು ಬಾಗಿಲಲ್ಲಿ ಬಂದು ನಿಂತಾಗ ನೋಡುತ್ತಾರಲ್ಲ, ಹಾಗೆ. ಮುಜುಗರ ತಾಳದೆ ಅವಳು ಕಿಟಕಿಯತ್ತ ಕೈ ತೋರಿಸಿದಳು.

"ಅಲ್ಲಿ... ಇನ್ನೆರಡು ಹೋದ್ವು. ನೀವು ಒತ್ತಲೇ ಇಲ್ಲ."

ಅವನ ಕಿವಿ ಕೆಂಪಾಯಿತು. ಗಡಿಯಾರ ನೋಡಿದ. ತೊಡೆಯ ಮೇಲಿದ್ದ ಪುಸ್ತಕದಲ್ಲಿ ಏನೋ ಗೀಚಿಕೊಂಡ.

"ಎರಡು ಸೇರಿಸಿಕೊಳ್ಳಿ, ನಾನು ನೋಡಿದೀನಿ."

"ನಾನು ನೋಡಿಲ್ಲ. ನೋಡದೇ ಇದ್ದದ್ದನ್ನ ಬರೆಯೋಕಾಗಲ್ಲ," ಎಂದು ಮತ್ತೆ ಗಾಜಿನತ್ತ ತಿರುಗಿದ. ಆಮೇಲೆ ಬೆನ್ನು ತೋರಿಸಿಕೊಂಡೇ ಹೇಳಿದ, "ನೀವು ಗೇಜಮ್ಮನ ಮಗಳು."

ಅದು ಪ್ರಶ್ನೆಯಾಗಿರಲಿಲ್ಲ. ಊರಿನವರೆಲ್ಲ ಅವಳನ್ನು ತೀರಿಹೋದ ಅಪ್ಪನ ಪಡಿಯಚ್ಚು ಎನ್ನುತ್ತಿದ್ದರು. ಅವಳಲ್ಲಿ ಅಮ್ಮನನ್ನು ಕಂಡವನು ಇವನೊಬ್ಬನೇ.

*ಎಂಥ ಗರ್ವ ಇವನಿಗೆ!* ಎಂದುಕೊಂಡಳು ಮನೆಗೆ ನಡೆಯುತ್ತಾ. ಆದರೆ ಆ ನೋಟ ಮಾತ್ರ ಮನೆಯ ತನಕ ಅವಳ ಜೊತೆಗೇ ಬಂತು.

ಗೇಜಮ್ಮ ಅಂದರೆ ಅವಳ ಅಮ್ಮ. ನದಿಗೆ ಅಡ್ಡ ಕಟ್ಟಿದ ಹಳೆಯ ಒಡ್ಡಿನ ಪಕ್ಕದಲ್ಲಿ, ಅಳತೆಯ ಗೆರೆ ಬರೆದ ಒಂದು ಕಂಬ, ಅಂದರೆ ಗೇಜು, ನೀರಿನಲ್ಲಿ ನಿಂತಿದೆ. ದಿನಕ್ಕೆರಡು ಸಲ, ಬೆಳಗ್ಗೆ ಎಂಟಕ್ಕೆ ಮತ್ತು ಸಂಜೆ ಐದಕ್ಕೆ, ನೀರು ಯಾವ ಗೆರೆಯವರೆಗೆ ಇದೆ ಎಂದು ನೋಡಿ ಬರೆದು ಫೋನಿನಲ್ಲಿ ತಿಳಿಸುವುದು ಅಮ್ಮನ ಕೆಲಸ. ಹನ್ನೆರಡು ವರ್ಷದಿಂದ ಆ ಕೆಲಸ ಕಾಯಂ ಆಗಿಲ್ಲ. ಅಮ್ಮ ಮಾತ್ರ ಆ ಕಂಬವನ್ನು ಮನೆಮಗನಂತೆ ನೋಡಿಕೊಳ್ಳುತ್ತಾಳೆ.

ಮಗಳು ಹೋದ ವರ್ಷ ದೂರದ ನಗರದಲ್ಲಿ ಓದು ಮುಗಿಸಿ, ಅಲ್ಲೇ ಕೆಲಸದಲ್ಲಿದ್ದು, ಹೋದ ವಾರವಷ್ಟೇ ಊರಿಗೆ ಮರಳಿದವಳು. ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ನದಿ ಕಾಯುವ ಒಂದು ಸಣ್ಣ ಸಂಸ್ಥೆ ಇದೆ. ಐದು ಜನ, ನಾಲ್ಕು ಕುರ್ಚಿ. ನೆರವು ಕೇಳಿ ಅರ್ಜಿ ಬರೆಯುವ ಕೆಲಸ ಅವಳದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಅರ್ಜಿ ಮೇಡಂ.

ಮತ್ತೆ ಅವನು? ಅವನು ಅದೇ ಸಂಸ್ಥೆಯ ಮೀನು ಎಣಿಸುವವನು. ಮೊಟ್ಟೆ ಇಡಲು ಮೇಲಕ್ಕೆ ಹೊರಟ ಮೀನಿಗೆ ಒಡ್ಡು ದಾಟಲಾಗುವುದಿಲ್ಲವೆಂದು ಪಕ್ಕದಲ್ಲಿ ಪುಟ್ಟ ಪುಟ್ಟ ತೊಟ್ಟಿಗಳನ್ನು ಮೆಟ್ಟಿಲಿನ ಹಾಗೆ ಕಟ್ಟಿದ್ದಾರೆ. ಮೀನು ತೊಟ್ಟಿಯಿಂದ ತೊಟ್ಟಿಗೆ ಜಿಗಿಯುತ್ತಾ ಏರುತ್ತದೆ. ಕೊನೆಯ ಮೆಟ್ಟಿಲಿನ ಪಕ್ಕದ ಕೋಣೆಯಲ್ಲಿ, ಬೆಳಗಿನ ಆರರಿಂದ ಹನ್ನೊಂದರವರೆಗೆ ಅವನು ಕೂತು ಒಂದೊಂದನ್ನೂ ಎಣಿಸುತ್ತಾನೆ. ಊರವರು ಅವನಿಗೆ ಇಟ್ಟ ಹೆಸರು ಹಾಜರಿ ಮೇಷ್ಟ್ರು. ಮೂರು ವರ್ಷದ ಹಿಂದೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದವನು, ಹಿಂದೆ ಮುಂದೆ ಯಾರೂ ಇಲ್ಲದವನು.

ಆ ಮೆಟ್ಟಿಲು ಈಗ ಬಿರುಕು ಬಿಟ್ಟಿತ್ತು. ನಡುವಿನ ಎರಡು ತೊಟ್ಟಿಯಲ್ಲಿ ನೀರು ಅರ್ಧಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಮೀನು ಮೇಲಕ್ಕೆ ಹೋಗದಿದ್ದರೆ ಅಲ್ಲಿನ ಬಂಡೆಗಳ ಸಂದಿಯಲ್ಲಿ ಮರಿ ಹಾಕಿದ್ದ ನೀರುನಾಯಿಗಳೂ ಹಸಿದುಕೊಂಡು ಜಾಗ ಬಿಡುತ್ತವೆ. ಹೊಸ ಮೆಟ್ಟಿಲಿಗೆ ನೆರವು ಕೊಡುವ ದೊಡ್ಡ ಸಂಸ್ಥೆಯೊಂದು ಅರ್ಜಿ ಕರೆದಿತ್ತು. ಅದು ಆರಿಸುವುದು ಒಂದೇ ಒಂದು ನದಿಯನ್ನು. ಸಿಗದಿದ್ದರೆ ಮುಂದಿನ ವರ್ಷ ಮೆಟ್ಟಿಲಿಗೆ ಹಲಗೆ ಹೊಡೆದು, ಎಣಿಕೆಯ ಕೋಣೆಗೆ ಬೀಗ ಹಾಕುವುದು ಖಂಡಿತ.

ಹೀಗಾಗಿ ಗರ್ವಿಷ್ಠನೋ ಅಲ್ಲವೋ, ಅವಳು ದಿನಾ ಬೆಳಗ್ಗೆ ಅಲ್ಲಿಗೆ ಹೋಗಲೇಬೇಕಾಯಿತು.

ಎರಡನೇ ದಿನ ಹೋದಾಗ, ನೆರಳು ಬೀಳದ ಮೂಲೆಯಲ್ಲಿ ಇನ್ನೊಂದು ಸ್ಟೂಲ್ ಇತ್ತು. ನಾಲ್ಕನೇ ದಿನ ಅದರ ಮೇಲೊಂದು ಮೆತ್ತೆ ಬಂತು.

ಅವಳು ಬರೆದದ್ದನ್ನು ಓದುತ್ತಿದ್ದಳು, ಅವನು ಗಾಜಿನಿಂದ ಕಣ್ಣು ತೆಗೆಯದೆ ಕೇಳುತ್ತಿದ್ದ. "ಅಳಿವಿನ ಅಂಚಿನಲ್ಲಿ ನಿಂತು ಕಣ್ಣೀರಿಡುತ್ತಿರುವ ಈ ನದಿ" ಎಂದು ಅವಳು ಭಾವ ತುಂಬಿ ಓದಿದಾಗ ಅವನು ಗಂಭೀರವಾಗಿ ಕೇಳಿದ, "ಮೇಡಂ, ನದಿ ಕಣ್ಣೀರಿಟ್ಟಿದ್ದನ್ನ ಎಷ್ಟು ಗಂಟೆಗೆ ನೋಡಿದ್ರಿ?"

ಅವಳು ಮುಖ ಊದಿಸಿಕೊಂಡಳು. ಆ ಸಾಲು ಹೊಡೆದುಹಾಕಿದಳು. ಅದರ ಜಾಗದಲ್ಲಿ ಅವನು ಹೇಳಿದ್ದನ್ನು ಬರೆದಳು. ತುಟಿಯ ಹತ್ತಿರ ಗಾಯದ ಗುರುತಿರುವ ಒಂದು ಮುದಿ ಮೀನು ಪ್ರತಿ ವರ್ಷ ತನ್ನ ಗುಂಪಿನ ಕೊನೆಗೆ ಬರುತ್ತದೆ, ಬಿರುಕು ಬಿಟ್ಟ ತೊಟ್ಟಿಯಲ್ಲಿ ಈ ವರ್ಷ ಏಳು ಸಲ ಜಾರಿ ಬಿದ್ದು, ಎಂಟನೇ ಸಲ ಏರಿತು. ಅಷ್ಟೇ. ಮತ್ತೆ ಓದಿಕೊಂಡಾಗ ಅವಳ ಕಣ್ಣೇ ಒದ್ದೆಯಾಯಿತು.

"ಆ ಅಜ್ಜಿ ಯಾವಾಗಲೂ ಲೇಟು," ಎಂದ ಅವನು. "ಆದ್ರೆ ಹಾಜರಿ ಹಾಕಿಸಿಕೊಳ್ಳದೆ ಹೋಗಲ್ಲ." ಅವತ್ತು ಮೊದಲ ಸಲ ಅವನು ನಕ್ಕಿದ್ದು. ನಕ್ಕರೆ ಇಷ್ಟು ಚೆನ್ನಾಗಿ ಕಾಣುವವನು ಮೂರು ವರ್ಷ ಮೀನಿಗೆ ಮಾತ್ರ ಮುಖ ತೋರಿಸಿಕೊಂಡು ಕೂತಿದ್ದಾನಲ್ಲ ಎಂದು ಅವಳಿಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅವನ ಪುಸ್ತಕಗಳಲ್ಲಿ ಒಂದು ವಿಚಿತ್ರವಿತ್ತು. ಸೊನ್ನೆ ಬರೆದಲ್ಲೆಲ್ಲ ಅದರ ನಡುವೆ ಓರೆಯಾಗಿ ಒಂದು ಗೆರೆ. ಸೊನ್ನೆಗೂ ಅಲಂಕಾರವೇ ಎಂದು ಅವಳು ಕೀಟಲೆ ಮಾಡಿದಾಗ ಅವನು, ಅದು ಕಣ್ಣಿಟ್ಟು ನೋಡಿ ಬರೆದ ಸೊನ್ನೆ, ಯಾರೂ ಕಲೆಯೋ ಚುಕ್ಕೆಯೋ ಅಂದುಕೊಳ್ಳಬಾರದಲ್ಲ ಎಂದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು. ಆ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ಎಡವಟ್ಟಾದದ್ದು ಅಲ್ಲಿಯೇ.

ಕೊನೆಯ ವಾರದ ಸೋಮವಾರ ಅವಳು ಮೂರು ವರ್ಷದ ಎಣಿಕೆಯನ್ನು ಕಂಪ್ಯೂಟರಿನ ಫಾರಂಗೆ ತುಂಬಿಸುತ್ತಿದ್ದಳು. ಹೋದ ವರ್ಷದ ಪುಸ್ತಕದಲ್ಲಿ, ಮೀನು ಹತ್ತುವ ಕಾಲದ ನಟ್ಟನಡುವೆ, ಸಾಲಾಗಿ ಹತ್ತೊಂಬತ್ತು ದಿನ ಏನೂ ಬರೆದಿರಲಿಲ್ಲ. ತಾರೀಕು ಇತ್ತು, ಮುಂದೆ ಖಾಲಿ. ಫಾರಂ ಖಾಲಿಯನ್ನು ಒಪ್ಪಲಿಲ್ಲ. ಕಾರಣ ಕೊಡಿ ಎಂದು ಕೆಂಪು ಚೌಕ ಎದ್ದು ನಿಂತಿತು. *ಮೀನು ಬಂದಿಲ್ಲ, ಅದಕ್ಕೇ ಬರೆದಿಲ್ಲ* ಎಂದುಕೊಂಡು ಅವಳು ಹತ್ತೊಂಬತ್ತು ಚೌಕಕ್ಕೂ ಸೊನ್ನೆ ಒತ್ತಿದಳು. ಕೆಂಪು ಮಾಯವಾಯಿತು.

ಅದರಿಂದ ಮೂಡಿದ ಚಿತ್ರ ನೋಡಬೇಕಿತ್ತು! ಏರುತ್ತಾ ಬಂದ ಗೆರೆ ಒಮ್ಮೆಲೇ ಪಾತಾಳಕ್ಕೆ ಬಿದ್ದು, ಹತ್ತೊಂಬತ್ತು ದಿನ ಅಲ್ಲೇ ಮಲಗಿತ್ತು. ಸಂಸ್ಥೆಯ ಮುಖ್ಯಸ್ಥರಾದ ದೊಡ್ಡ ಸಾರ್ ಅದನ್ನು ನೋಡಿ ಅವಳ ಬೆನ್ನು ತಟ್ಟಿದರು. ಇದನ್ನು ಕಂಡರೆ ಕಲ್ಲು ಮನಸ್ಸೂ ಕರಗುತ್ತದೆ, ನೆರವು ಸಿಕ್ಕಿತೆಂದೇ ಲೆಕ್ಕ ಎಂದರು.

ಮಂಗಳವಾರ ಎಲ್ಲರೂ ಸೇರಿ ಅರ್ಜಿ ಓದಲು ಕೂತರು. ಕುರ್ಚಿ ಸಾಲದೆ ಅವನು ಕಿಟಕಿಗೆ ಒರಗಿ ನಿಂತಿದ್ದ. ಪುಟ ಮಗುಚುತ್ತಾ ಬಂದವನು ಆ ಚಿತ್ರದ ಹತ್ತಿರ ನಿಂತ. ಮುಖ ಗಡುಸಾಯಿತು.

"ಇದು ಸುಳ್ಳು," ಎಂದ.

ಅವಳಿಗೆ ಎಲ್ಲರೆದುರು ಕೆನ್ನೆಗೆ ಹೊಡೆದ ಹಾಗಾಯಿತು.

"ಸುಳ್ಳಾ? ನಿಮ್ಮ ಪುಸ್ತಕದಿಂದಲೇ ಬರೆದಿದ್ದು."

"ಪುಸ್ತಕದಲ್ಲಿ ಸೊನ್ನೆ ಎಲ್ಲಿದೆ? ಸೊನ್ನೆ ಅಂದ್ರೆ ನಾನು ಕೂತು ನೋಡಿದೆ, ಒಂದೂ ಬರಲಿಲ್ಲ ಅಂತ. ಆ ದಿನ ನಾನು ಕೂತೇ ಇರಲಿಲ್ಲ ಮೇಡಂ. ನೂರು ಮೀನು ಹೋಗಿರಬಹುದು. ಅದನ್ನ ಖಾಲಿ ಬಿಡಿ."

"ಖಾಲಿ ಬಿಟ್ರೆ ಕಾರಣ ಕೇಳುತ್ತೆ. ಹಾಗಾದ್ರೆ ಹೇಳಿ... ಆ ಹತ್ತೊಂಬತ್ತು ದಿನ ಎಲ್ಲಿದ್ರಿ?"

ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿದ.

"ರಜೆ ಅಂತ ಬರೀರಿ."

"ಮೀನು ಹತ್ತೋ ಕಾಲದಲ್ಲಿ ಹತ್ತೊಂಬತ್ತು ದಿನ ರಜೆನಾ?"

"ಹೌದು," ಎಂದಷ್ಟೇ ಹೇಳಿ ಅವನು ಮೆಟ್ಟಿಲಿಳಿದು ಹೋದ.

ದೊಡ್ಡ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಆದರೆ ಶಿಸ್ತಿನ ಮನುಷ್ಯ. ಸುಳ್ಳು ಬರೆಯುವುದು ಬೇಡ, ಆದರೆ ಇಂಥವನನ್ನು ನಂಬಿ ಯಾರು ನೆರವು ಕೊಡುತ್ತಾರೆ ಎಂದರು. ಎಣಿಸುವವರ ಬೇಜವಾಬ್ದಾರಿಯಿಂದ ದಿನಗಳು ತಪ್ಪಿವೆ, ಮುಂದೆ ಬೇರೆಯವರನ್ನು ನೇಮಿಸುತ್ತೇವೆ ಎಂದು ಬರೆದು, ಕೆಲಸಗಾರರ ಪಟ್ಟಿಯಿಂದ ಅವನ ಹೆಸರು ತೆಗೆಯಲು ಹೇಳಿದರು. ಗುರುವಾರ ಸಂಜೆಯೊಳಗೆ ಅರ್ಜಿ ಹೋಗಬೇಕು.

ಇದರ ಮೇಲೆ ಆಫೀಸಿನ ಟೈಪಿಂಗ್ ಅಕ್ಕ ಬೇರೆ. ಅವಳ ಪಕ್ಕ ಕೂತು, ಯಾರಿಗೂ ಹೇಳಬೇಡ ಎಂದು ಶುರು ಮಾಡಿದಳು. ಹೋದ ವರ್ಷ ಅದೇ ದಿನಗಳಲ್ಲಿ ಅಕ್ಕನ ನಾದಿನಿ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳಂತೆ. ಹೆಂಗಸರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಈ ಮೇಷ್ಟ್ರು ಫ್ಲಾಸ್ಕ್ ಹಿಡಿದುಕೊಂಡು ದಿನಾ ಕೂತಿರುತ್ತಿದ್ದನಂತೆ.

"ಯಾರೂ ಇಲ್ಲ ಅಂತಾನೆ, ನೋಡು! ಅಷ್ಟು ಒದ್ದಾಡ್ತಿದ್ದ ಅಂದ್ರೆ ಹೆಂಡತಿನೇ ಇರಬೇಕು. ಹೆರಿಗೆಗೇ ಬಂದಿರಬೇಕು."

ಅವಳು ನಗಲು ನೋಡಿದಳು, ಆಗಲಿಲ್ಲ. ಹೆಂಡತಿ... ಮಗು... ಹಾಗಿದ್ದರೆ ಆ ಮೆತ್ತೆ ಯಾಕೆ? ಆ ನೋಟ ಯಾಕೆ? ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಮತ್ತೆ ಹೋಗಿ ಮತ್ತೆ ತೊಳೆದುಕೊಂಡಳು.

ಬುಧವಾರ ಅವಳು ಎಣಿಕೆಯ ಕೋಣೆಯ ಕಡೆ ತಲೆ ಹಾಕಲಿಲ್ಲ. ಸಂಜೆ ಬೇಗನೆ ಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು, 'ಬೇಜವಾಬ್ದಾರಿ' ಎಂಬ ಪದ ಬರೆದಳು. ಅಳಿಸಿದಳು. ಇನ್ನೊಮ್ಮೆ ಬರೆದಳು.

ಅವನ ಮೇಲೆ ಕೋಪವಿತ್ತು, ಬೆಟ್ಟದಷ್ಟಿತ್ತು. ಆದರೂ ಎರಡು ಮೀನನ್ನು ತಾನು ನೋಡಲಿಲ್ಲವೆಂದು ಬಿಟ್ಟುಬಿಟ್ಟ ಮನುಷ್ಯ ಅವನು. ಅವನಿಗೆ ಆ ಪದ ಅಂಟುತ್ತಿರಲಿಲ್ಲ.

ಆಗ ಅವಳಿಗೊಂದು ಯೋಚನೆ ಬಂತು. ಆ ದಿನಗಳಲ್ಲಿ ನೀರು ಏರಿ ಕೋಣೆಯೊಳಗೆ ನುಗ್ಗಿತ್ತೇನೋ? ಹಾಗಿದ್ದರೆ ಕಾರಣ ಸಿಕ್ಕಿತಲ್ಲ! ಮನೆಯಲ್ಲೇ ಇತ್ತು ಅಮ್ಮನ ನೀರಿನ ಪುಸ್ತಕ, ಕಪಾಟಿನ ಮೇಲಿನ ಅಂಕಣದಲ್ಲಿ. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳು ಪುಸ್ತಕ ಇಳಿಸಿ, ಹೋದ ವರ್ಷದ ಆ ತಿಂಗಳನ್ನು ತೆರೆದಳು.

ನೀರು ಏರಿರಲಿಲ್ಲ. 1.40, 1.30, 1.20 ಮೀಟರು... ಸಾಧಾರಣ ನೀರು. ನಿರಾಸೆಯಿಂದ ಪುಸ್ತಕ ಮುಚ್ಚಲು ಹೋದವಳ ಕೈ ತಡೆಯಿತು.

ಸೊನ್ನೆಗಳ ನಡುವೆ ಓರೆಯಾಗಿ ಒಂದೊಂದು ಗೆರೆ ಇತ್ತು.

ಅವಳು ಹಿಂದಿನ ಪುಟ ನೋಡಿದಳು. ಅಲ್ಲಿ ಅಮ್ಮನ ದುಂಡು ದುಂಡು ಅಂಕಿ. ಮುಂದಿನ ಪುಟದಲ್ಲಿಯೂ ಅಮ್ಮನದೇ. ನಡುವೆ ಮಾತ್ರ ಅವನ ಅಂಕಿ, ಬೆಳಗಿನದೂ ಸಂಜೆಯದೂ ಒಂದೂ ತಪ್ಪದೆ. ಸಹಿ ಹಾಕುವ ಜಾಗ ಮಾತ್ರ ಅಷ್ಟೂ ದಿನ ಖಾಲಿ. ಅಮ್ಮನ ಬದಲು ನೀರು ಅಳೆದವನು, ಅಮ್ಮನ ಸಹಿ ಹಾಕಿರಲಿಲ್ಲ.

ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು.

"ಅಮ್ಮ..." ಪುಸ್ತಕ ಹಿಡಿದುಕೊಂಡೇ ಹಿತ್ತಿಲಿಗೆ ಬಂದಳು. "ಈ ದಿನಗಳಲ್ಲಿ ನೀನು ಎಲ್ಲಿದ್ದೆ?"

ಅಮ್ಮ ಪುಸ್ತಕ ನೋಡಿದಳು, ಮಗಳ ಮುಖ ನೋಡಿದಳು. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ನಿಧಾನವಾಗಿ ಹಿಂಡಿದಳು, ಅದರಲ್ಲಿ ಹಿಂಡಲು ನೀರೇ ಇರಲಿಲ್ಲ.

"ನಿನಗೆ ಕೊನೇ ಪರೀಕ್ಷೆ ಇತ್ತು ಪುಟ್ಟಿ," ಎಂದಳು.

ಆಮೇಲೆ ಎಲ್ಲ ಹೊರಗೆ ಬಂತು. ಅವತ್ತು ಬೆಳಗ್ಗೆ ಕಂಬದ ಹತ್ತಿರ ಅಮ್ಮ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವಾಗಿತ್ತು. ಎಣಿಕೆಯ ಕೋಣೆಯಿಂದ ಓಡಿಬಂದವನು ಅಮ್ಮನನ್ನು ಹೊತ್ತುಕೊಂಡೇ ರಸ್ತೆಯವರೆಗೆ ನಡೆದಿದ್ದ. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಎರಡು ಆಪರೇಷನ್, ಹತ್ತೊಂಬತ್ತು ದಿನ. ಹೆಂಗಸರ ವಾರ್ಡಿನೊಳಗೆ ಗಂಡಸರಿಗೆ ಸಂಜೆ ಒಂದು ಗಂಟೆ ಮಾತ್ರ ಪ್ರವೇಶ. ಉಳಿದ ಹೊತ್ತೆಲ್ಲ ಅವನು ಹೊರಗಿನ ಬೆಂಚಿನಲ್ಲಿ ಕೂತು, ನರ್ಸ್ ಕರೆದಾಗೆಲ್ಲ ಔಷಧಿಗೆ, ರಕ್ತಕ್ಕೆ ಓಡುತ್ತಿದ್ದ. ನೀರಿನ ಲೆಕ್ಕ ಎರಡು ದಿನ ತಪ್ಪಿದರೂ ಅಮ್ಮನ ಕೆಲಸ ಇನ್ನೊಬ್ಬರ ಪಾಲಾಗುತ್ತದೆ ಎಂದು ಗೊತ್ತಿದ್ದರಿಂದ, ಎಂಟಕ್ಕೂ ಐದಕ್ಕೂ ಕಂಬದ ಹತ್ತಿರ ಓಡಿ ಬರುತ್ತಿದ್ದ. ಅದು ಐದು ನಿಮಿಷದ ಕೆಲಸ. ಮೀನಿನದು ಐದು ಗಂಟೆಯ ಕೆಲಸ. ಮೀನನ್ನು ಬಿಟ್ಟ.

"ನಿನಗಾಗಲಿ ಊರಿಗಾಗಲಿ ಹೇಳಬಾರದು ಅಂತ ನಾನೇ ಆಣೆ ಹಾಕಿಸ್ಕೊಂಡೆ. ಇವತ್ತಿನವರೆಗೂ ಅವನು ಮುರಿದಿಲ್ಲ."

"ಎರಡು ದಿನ ಜ್ವರ ಅಂದಿದ್ದೆ ನೀನು ನನಗೆ!"

"ಜ್ವರಾನೂ ಇತ್ತಲ್ಲೇ," ಎಂದಳು ಅಮ್ಮ.

ಅವಳಿಗೆ ಎಲ್ಲ ನೆನಪಾಯಿತು. ದಿನಾ ಸಂಜೆ ಆರಕ್ಕೆ ಅವಳು ಫೋನ್ ಮಾಡುತ್ತಿದ್ದಳು. ಅಮ್ಮನ ದನಿಯ ಹಿಂದೆ ಯಾರೋ ಕೆಮ್ಮುವುದು, ಗಾಲಿ ಉರುಳುವುದು ಕೇಳುತ್ತಿತ್ತು. ಅದೇನು ಸದ್ದು ಎಂದು ಕೇಳಿದರೆ ಟಿವಿ ಎನ್ನುತ್ತಿದ್ದಳು ಅಮ್ಮ. ಇವಳು ನಂಬಿ, ಪರೀಕ್ಷೆಯ ಗೋಳು ಹೇಳಿಕೊಂಡು ಫೋನ್ ಇಡುತ್ತಿದ್ದಳು.

ಕೋಪ ಬಂತು, ಅಳು ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಈ ಮೈ ಇವತ್ತು ಬೆಚ್ಚಗೆ ತನ್ನ ತೋಳಿನೊಳಗಿದೆ. ಅದಕ್ಕೆ ಕಾರಣವಾದವನನ್ನು ತಾನು ಎಲ್ಲರೆದುರು ನಿಲ್ಲಿಸಿ ಎಲ್ಲಿದ್ರಿ ಎಂದು ಕೇಳಿದ್ದಳು... ಅವನು ರಜೆ ಎಂದು ಬರೆಯಿರಿ ಎಂದಿದ್ದ.

"ಅಮ್ಮ, ಅವರಿಗೆ ಒಂದು ಥ್ಯಾಂಕ್ಸ್ ಹೇಳೋದಕ್ಕೂ ಬಿಡಲಿಲ್ಲವಲ್ಲ ನೀನು ನನ್ನ."

ಅಮ್ಮ ಅವಳ ತಲೆ ಸವರಿದಳು. ಆಣೆ ಹಾಕಿಸಿದವಳು ನಾನು, ಬಿಡಿಸುತ್ತಿರುವವಳೂ ನಾನೇ, ಇದ್ದದ್ದು ಇದ್ದ ಹಾಗೆ ಬರೆ ಎಂದಳು.

ಗುರುವಾರ ಬೆಳಗ್ಗೆ ಹತ್ತೂವರೆಗೆ ಎಣಿಕೆಯ ಕೋಣೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಅರ್ಜಿ ಮೇಡಂ ಎದೆಗೆ ಲ್ಯಾಪ್‌ಟಾಪ್ ಅವಚಿಕೊಂಡು, ಬೆನ್ನು ಬಗ್ಗಿಸಿ, ನೆರಳು ಗಾಜಿಗೆ ತಾಗದ ಹಾಗೆ ಬಾತುಕೋಳಿಯಂತೆ ಕುಕ್ಕರಗಾಲಲ್ಲಿ ಒಳಗೆ ಬಂದಳು. ನೋಡಿದವರು ಯಾರಾದರೂ ನಗುತ್ತಿದ್ದರು. ಅವನು ನೋಡಲಿಲ್ಲ. ಆದರೆ ಬಂದವರು ಯಾರೆಂದು ಗೊತ್ತಾಯಿತೇನೋ, ಭುಜ ಬಿಗಿಯಾಯಿತು.

"ನೀವು ತಿರುಗಬೇಡಿ," ಎಂದಳು ಸ್ಟೂಲಿನ ಮೇಲೆ ಕೂರುತ್ತಾ. "ಎಣಿಸ್ತಾ ಇರಿ. ನಾನು ಕಾರಣದ ಕಾಲಂ ತುಂಬಿಸಿದೀನಿ. ಓದ್ತೀನಿ, ತಪ್ಪಿದ್ರೆ ಹೇಳಿ."

ಟಿಕ್.

ಅವಳು ಓದಿದಳು.

"ಈ ಹತ್ತೊಂಬತ್ತು ದಿನ ಎಣಿಕೆ ನಡೆದಿಲ್ಲ. ಆದ್ದರಿಂದ ಸೊನ್ನೆ ಬರೆಯದೆ ಖಾಲಿ ಬಿಟ್ಟಿದ್ದೇವೆ. ನದಿಯ ನೀರಿನ ಮಟ್ಟ ಅಳೆಯುವ ಮಹಿಳೆ ಆ ದಿನಗಳಲ್ಲಿ ಸಾವು ಬದುಕಿನ ನಡುವೆ ಆಸ್ಪತ್ರೆಯಲ್ಲಿದ್ದರು. ಅವರ ಪಕ್ಕದಲ್ಲಿ ಇರಬೇಕಾಗಿದ್ದ ಮಗಳು ದೂರದಲ್ಲಿದ್ದಳು. ಆ ಜಾಗದಲ್ಲಿ ನಮ್ಮ ಎಣಿಕೆಗಾರರು ಇದ್ದರು. ಅವರು ಕಾಣದ ಒಂದು ಮೀನನ್ನೂ ಈ ಪಟ್ಟಿಯಲ್ಲಿ ಸೇರಿಸಿಲ್ಲ. ಈ ಅರ್ಜಿ ಬರೆಯುತ್ತಿರುವವಳು ಆ ಮಗಳು. ಅವರಿಗೆ ನಾನು..."

ಮುಂದೆ ಓದಲಾಗಲಿಲ್ಲ.

ಟಿಕ್... ಟಿಕ್. ಅವನ ಹೆಬ್ಬೆರಳು ತಪ್ಪದೆ ಆಡುತ್ತಿತ್ತು. ಆದರೆ ಗಾಜಿನಲ್ಲಿ ಮಸುಕಾಗಿ ಮೂಡಿದ್ದ ಅವನ ಮುಖದಲ್ಲಿ ಕಣ್ಣು ತುಂಬಿದ್ದು ಅವಳಿಗೆ ಕಾಣಿಸಿತು.

"ನನ್ನ ಅಮ್ಮನ್ನ ಉಳಿಸಿದ್ರಿ ನೀವು. ನಾನು ನಿಮ್ಮನ್ನ..." ಅವಳು ಕಣ್ಣೊರೆಸಿಕೊಂಡಳು. "ಕ್ಷಮಿಸಿ. ಇಲ್ಲ, ಅದಕ್ಕಿಂತ ಮೊದಲು ಥ್ಯಾಂಕ್ಸ್. ಒಂದು ವರ್ಷ ಲೇಟಾಗಿ ಹೇಳ್ತಿದೀನಿ."

"ಥ್ಯಾಂಕ್ಸ್ ನಾನು ಹೇಳಬೇಕು," ಎಂದ ಅವನು ಗಾಜಿಗೇ ಹೇಳುವವನಂತೆ. ಈ ಊರಿಗೆ ಬಂದ ಮೊದಲ ವಾರ, ಕಂಬದ ಹತ್ತಿರ ಗೇಜಮ್ಮ ಯಾರೋ ಏನೋ ಎಂದು ಕೇಳದೆ ತನ್ನ ಚಹಾದಲ್ಲಿ ಅರ್ಧ ಸುರಿದು ಕೊಟ್ಟಿದ್ದಳಂತೆ. ಆಮೇಲೆ ಒಂದು ದಿನವೂ ತಪ್ಪಿಸಿಲ್ಲವಂತೆ. "ನನಗೂ ಒಬ್ಬರು ಕಾಯೋರು ಇದ್ದಾರೆ ಅನ್ನಿಸಿದ್ದು ಆವತ್ತೇ."

ಗೋಡೆಯ ಗಡಿಯಾರ ಹನ್ನೊಂದು ತೋರಿಸಿತು. ಅವನು ಯಂತ್ರ ಕೆಳಗಿಟ್ಟ, ಅಂಕಿ ಬರೆದ, ಆಮೇಲೆ ಪೂರ್ತಿಯಾಗಿ ಅವಳತ್ತ ತಿರುಗಿದ.

"ಆದ್ರೆ ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಖಾಲಿ ಜಾಗ ಬಿಟ್ಟು ಹೋಗಿದೆ ಮೇಡಂ. ಅರ್ಜಿ ಕಳಿಸೋ ಮುಂಚೆ ಅದನ್ನೂ ಸೇರಿಸಿಬಿಡಿ."

ಈ ವರ್ಷದ ಪುಸ್ತಕದಲ್ಲಿ ಒಂದು ಪುಟ ತೆಗೆದು ಕೊಟ್ಟ. ಅವಳು ಮೊದಲ ಸಲ ಈ ಕೋಣೆಗೆ ಬಂದ ದಿನ. ಅಂಚಿನಲ್ಲಿ ಸಣ್ಣಗೆ ಬರೆದಿತ್ತು: *ಎಂಟೂ ಇಪ್ಪತ್ತರಿಂದ ಎಂಟೂ ಇಪ್ಪತ್ತೆರಡು. ಎಣಿಸಿಲ್ಲ.*

"ಎರಡು ನಿಮಿಷಾನಾ?" ಅವಳಿಗೆ ನಗುವೂ ಬಂತು. "ಇದಕ್ಕೂ ಕಾರಣ ಕೇಳುತ್ತೆ ಫಾರಂ. ಏನಂತ ಬರೀಲಿ?"

ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಆಸ್ಪತ್ರೆಯಲ್ಲಿ ಗೇಜಮ್ಮನ ಕೈಗೆ ಸೂಜಿ ಚುಚ್ಚಿದ್ರು. ಫೋನ್ ಹಿಡಿಯೋಕಾಗ್ತಿರಲಿಲ್ಲ. ದಿನಾ ಸಂಜೆ ಆರಕ್ಕೆ ಅವರ ಕಿವಿಗೆ ನಾನೇ ಹಿಡೀತಿದ್ದೆ. ಕೇಳಬಾರದು ಅಂತ ಮುಖ ಆ ಕಡೆ ತಿರುಗಿಸಿಕೊಳ್ತಿದ್ದೆ, ಆದ್ರೂ ಕೇಳಿಸ್ತಿತ್ತು. 'ಅಮ್ಮ, ಊಟ ಆಯ್ತಾ? ಅಮ್ಮ, ನಾನು ಬರೋವರೆಗೂ ಹುಷಾರಾಗಿರು...' ಹತ್ತೊಂಬತ್ತು ಸಂಜೆ. ಆಮೇಲೆ ಆರು ಗಂಟೆ ಆದ್ರೆ ಸಾಕು, ಆ ದನಿ ಎಲ್ಲಿ ಅಂತ ಮನಸ್ಸು ಹುಡುಕೋಕೆ ಶುರು ಮಾಡ್ತಿತ್ತು." ಅವನು ಅವಳತ್ತ ನೋಡಿದ. "ಅವತ್ತು ನನ್ನ ಬೆನ್ನ ಹಿಂದೆ ನಿಂತು ನೀವು ಸಾರಿ ಅಂದ್ರಿ. ನೋಡದೇ ಗೊತ್ತಾಯ್ತು. ಅದಾದ ಮೇಲೆ ಎರಡು ನಿಮಿಷ... ನನಗೆ ಮೀನು ಕಾಣಿಸಲಿಲ್ಲ."

ಗೇಜಮ್ಮನ ಮಗಳು ಎಂದು ಅವನಿಗೆ ಮುಖದಿಂದ ಗೊತ್ತಾಗಿರಲಿಲ್ಲ! ತಾನು ಗರ್ವ ಎಂದುಕೊಂಡ ಆ ಎರಡು ನಿಮಿಷವನ್ನು ಈ ಮನುಷ್ಯ ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದ.

"ಆಫೀಸಿನಲ್ಲಿ ನಿಮಗೆ ಹೆಂಡತಿ, ಮಗು ಎಲ್ಲ ಮಾಡಿಟ್ಟಿದಾರೆ, ಗೊತ್ತಾ?" ಎಂದಳು ಕಡೆಗೆ, ಅಳುತ್ತಾ ನಗುತ್ತಾ.

"ನನಗಾ? ಯಾವಾಗ?"

"ಹೋದ ವರ್ಷ. ಹೆಂಗಸರ ವಾರ್ಡಿನಲ್ಲಿ." ಅವಳು ಲ್ಯಾಪ್‌ಟಾಪ್ ತೆರೆದು ಆ ಎರಡು ನಿಮಿಷಕ್ಕೂ ಒಂದು ಸಾಲು ಸೇರಿಸಿದಳು. ಕಾರಣದ ಕಾಲಂನಲ್ಲಿ ಬರೆದಳು: *ಎಣಿಕೆಗಾರರ ಗಮನ ಬೇರೆಡೆ ಇತ್ತು. ಸಂಸ್ಥೆ ಇದಕ್ಕೆ ಕೃತಜ್ಞವಾಗಿದೆ.*

ಅರ್ಜಿ ಅವತ್ತು ಸಂಜೆ ಹೋಯಿತು. ದೊಡ್ಡ ಸಾರ್ ಕಾರಣದ ಪುಟವನ್ನು ಎರಡು ಸಲ ಓದಿ, ಎದ್ದುಹೋಗಿ, ಕೆಲಸಗಾರರ ಪಟ್ಟಿಯಲ್ಲಿ ಅವನ ಹೆಸರನ್ನು ತಾವೇ ಟೈಪ್ ಮಾಡಿದರು. ಮಾರನೆಯ ಬೆಳಗ್ಗೆ ಮೀನಿನ ಮೆಟ್ಟಿಲವರೆಗೆ ನಡೆದುಬಂದು ಅವನ ಕೈ ಹಿಡಿದು ಕ್ಷಮೆ ಕೇಳಿದರು. ಟೈಪಿಂಗ್ ಅಕ್ಕ ಮಾತ್ರ ಒಂದು ವಾರ ಅವನ ಎದುರಿಗೆ ಬರಲಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು. ನೆರವು ಇವರಿಗೇ. ಪತ್ರದ ಕೊನೆಯಲ್ಲಿ, ಅರ್ಜಿಗಳನ್ನು ಓದಿದ ಹಿರಿಯರೊಬ್ಬರು ಎರಡು ಸಾಲು ಬರೆದಿದ್ದರು: "ಬಂದ ಅಷ್ಟೂ ಅರ್ಜಿಗಳಲ್ಲಿ ಖಾಲಿ ಜಾಗ ಇದ್ದದ್ದು ನಿಮ್ಮದರಲ್ಲಿ ಮಾತ್ರ. ನೀವು ಖಾಲಿ ಬಿಟ್ಟ ದಿನಗಳ ಕಾರಣದಿಂದಲೇ ಉಳಿದ ದಿನಗಳನ್ನು ನಾವು ನಂಬಿದೆವು."

ಪತ್ರ ಕೈಯಲ್ಲಿ ಹಿಡಿದು ಅವಳು ಎಣಿಕೆಯ ಕೋಣೆಗೆ ಒಂದೇ ಉಸಿರಿಗೆ ಓಡಿಬಂದಳು. ಬಾಗಿಲು ದೂಡಿದವಳಿಗೆ ತಟ್ಟನೆ ನೆನಪಾಗಿ, ಅಯ್ಯೋ ನೆರಳು ಎಂದು ಅಲ್ಲೇ ಬಗ್ಗಿದಳು.

ಗಾಜಿನ ಆಚೆ, ತುಟಿಯ ಹತ್ತಿರ ಗಾಯದ ಗುರುತಿದ್ದ ಮುದಿ ಮೀನು ತನ್ನ ಕೆಲಸ ಮುಗಿಸಿ ನಿಧಾನವಾಗಿ ಇಳಿದು ವಾಪಸ್ಸು ಹೊರಟಿತ್ತು.

"ಮೂಲೆಗೆ ಹೋಗಬೇಡಿ," ಎಂದ ಅವನು ತಿರುಗದೆ. "ಇಲ್ಲಿ ಬನ್ನಿ, ನನ್ನ ಪಕ್ಕಕ್ಕೆ."

"ನೆರಳು ಬೀಳುತ್ತೆ. ಮೀನು ಹೆದರುತ್ತೆ."

"ದೂರ ಕೂತ್ರೆ ಎರಡು ನೆರಳು. ಹತ್ತಿರ ಬಂದ್ರೆ ಒಂದೇ."

ಅವಳು ಸ್ಟೂಲ್ ಎಳೆದುಕೊಂಡು ಹೋಗಿ, ಅವನ ಭುಜಕ್ಕೆ ಭುಜ ತಾಗಿಸಿ ಕೂತಳು. ಗೋಡೆಯ ಮೇಲೆ ಒಂದೇ ನೆರಳು ಇತ್ತು. ಅಜ್ಜಿ ಮೀನು ಹೆದರಲಿಲ್ಲ.

"ಇವತ್ತು ಪುಸ್ತಕದಲ್ಲಿ ಖಾಲಿ ಬಿಡಬೇಡಿ ಮತ್ತೆ," ಎಂದಳು ಮೆಲ್ಲಗೆ.

"ಹಾಗಾದ್ರೆ ಸ್ವಲ್ಪ ಹೊತ್ತು ಮಾತಾಡಬೇಡಿ," ಎಂದ ಅವನು, ಮತ್ತು ಅವಳ ಕೈ ಹಿಡಿದುಕೊಂಡ.